ಚೆಂಡು ಬರುವ ಮೊದಲೇ ಗೊತ್ತಾಗುತ್ತದೆ: ವೈಡ್ ರಿಸೀವರ್‌ನನ್ನು ಅಳೆಯುವ ಬಗೆ

ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪಂದ್ಯ ನೋಡುವಾಗ ಕ್ಯಾಮೆರಾ ಚೆಂಡಿನ ಹಿಂದೆಯೇ ಇರುತ್ತದೆ. ಸ್ನ್ಯಾಪ್ ಆದ ಕೂಡಲೇ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾದ ಕೂಡಲೇ, ಪಾಸ್ ಹಿಡಿಯಲು ಓಡುವ ವೈಡ್ ರಿಸೀವರ್ ಪರದೆಯಿಂದ ಆಚೆ ಓಡಿಹೋಗುತ್ತಾನೆ. ಎರಡು ಮೂರು ಸೆಕೆಂಡ್ ಬಿಟ್ಟು ಚೆಂಡಿನ ಜೊತೆಗೇ ಮತ್ತೆ ಕಾಣಿಸುತ್ತಾನೆ. ನಮ್ಮ ನೆನಪಿನಲ್ಲಿ ಉಳಿಯುವುದು ಆ ಕ್ಯಾಚ್ ಒಂದೇ. ಆದರೆ ಅವನು ಒಳ್ಳೆಯ ಆಟಗಾರನೋ ಅಲ್ಲವೋ ಅನ್ನುವುದು ತೀರ್ಮಾನವಾಗುವುದು ನಾವು ನೋಡದ ಆ ಎರಡು ಮೂರು ಸೆಕೆಂಡ್‌ಗಳಲ್ಲಿ.

ಈ ಆಟದ ರುಚಿ ಹತ್ತಿದ ಕನ್ನಡದ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿದ್ದು ಆಫೀಸಿನವರ ಜೊತೆ ಫ್ಯಾಂಟಸಿ ಲೀಗ್ ಆಡುವವರಿದ್ದೀರಿ. ಊರಲ್ಲೇ ಇದ್ದು ಭಾನುವಾರ ರಾತ್ರಿ ಹತ್ತೂವರೆಗೆ ಪಂದ್ಯ ಹಚ್ಚಿಕೊಂಡು ಕೂರುವವರೂ ಇದ್ದೀರಿ. ನಿಯಮಗಳು ಒಂದಿಷ್ಟು ಗೊತ್ತಿವೆ ಅಂದುಕೊಂಡೇ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಬಂದಾಗ ಕಾಲೇಜಿನಿಂದ ಬರುವ ಹುಡುಗರಲ್ಲಿ ಯಾರು ನಿಲ್ಲುತ್ತಾರೆ ಅಂತ ನೀವೇ ಅಂದಾಜು ಮಾಡುವಷ್ಟು ಕಣ್ಣು ಪಳಗಬೇಕು, ಅಷ್ಟೇ.

ತಂಡಗಳಿಗೇ ಇದು ಕಷ್ಟದ ಕೆಲಸ. 2016ರ ಡ್ರಾಫ್ಟ್ ನೋಡಿ. ಮೊದಲ ಸುತ್ತಿನಲ್ಲಿ ನಾಲ್ವರು ರಿಸೀವರ್‌ಗಳು ಹೋದರು: ಕೋರಿ ಕೋಲ್ಮನ್, ವಿಲ್ ಫುಲ್ಲರ್, ಜಾಶ್ ಡಾಕ್ಟ್ಸನ್, ಲಾಕ್ವಾನ್ ಟ್ರೆಡ್‌ವೆಲ್. ಮೈಕಲ್ ಥಾಮಸ್ ಹೆಸರು ಬಂದದ್ದು ಎರಡನೇ ಸುತ್ತಿನಲ್ಲಿ, 47ನೆಯದಾಗಿ. ಮೂರು ವರ್ಷದ ನಂತರ, 2019ರಲ್ಲಿ, ಅದೇ ಥಾಮಸ್ ಒಂದೇ ಸೀಸನ್‌ನಲ್ಲಿ 149 ಕ್ಯಾಚ್ ಹಿಡಿದು ಎನ್‌ಎಫ್‌ಎಲ್ ದಾಖಲೆ ಮಾಡಿದರು. 40 ಯಾರ್ಡ್ ಓಟದಲ್ಲಿ ಅವರ ಸಮಯ 4.57 ಸೆಕೆಂಡ್. ಬೆರಗು ಹುಟ್ಟಿಸುವ ವೇಗ ಅಲ್ಲ. ಹಾಗಾದರೆ ಅವರಲ್ಲಿ ಇದ್ದದ್ದು ಏನು? ಅದನ್ನು ಕಾಣುವುದು ಹೇಗೆ?

ಮೊದಲು ಸರಿಯಾದ ವಿಡಿಯೋ

ಹೈಲೈಟ್ಸ್ ನೋಡಿ ಯಾರನ್ನೂ ಅಳೆಯಬೇಡಿ. ಅದರಲ್ಲಿ ಗೆದ್ದ ಆಟಗಳಷ್ಟೇ ಇರುತ್ತವೆ. ಒಂದು ಪಂದ್ಯದಲ್ಲಿ ಮುಖ್ಯ ರಿಸೀವರ್ ಮೂವತ್ತು ನಲವತ್ತು ರೂಟ್ (ಮೊದಲೇ ಗೊತ್ತುಮಾಡಿದ ಓಟದ ದಾರಿ) ಓಡಬಹುದು. ಚೆಂಡು ಅವನ ಕಡೆ ಬರುವುದು ಎಂಟೋ ಹತ್ತೋ ಸಲ. ಉಳಿದ ಇಪ್ಪತ್ತು ಮೂವತ್ತು ಓಟಗಳಲ್ಲೇ ಅವನ ನಿಜವಾದ ಮಟ್ಟ ಇರುವುದು.

ಅದಕ್ಕೆ ಬೇಕಾದದ್ದು ‘ಆಲ್-22’ ವಿಡಿಯೋ. ಮೈದಾನದ 22 ಆಟಗಾರರೂ ಒಟ್ಟಿಗೆ ಕಾಣುವ ಹಾಗೆ ಎತ್ತರದಿಂದ ಹಿಡಿದದ್ದು. ಕೋಚ್‌ಗಳು ನೋಡುವುದು ಇದನ್ನೇ. ಎನ್‌ಎಫ್‌ಎಲ್ ಪಂದ್ಯಗಳ ಆಲ್-22 ಈಗ ಹಣ ಕಟ್ಟಿದರೆ ಅಭಿಮಾನಿಗಳಿಗೂ ಸಿಗುತ್ತದೆ. ಕಾಲೇಜು ಪಂದ್ಯಗಳಲ್ಲಿ ಅಷ್ಟು ಸುಲಭ ಅಲ್ಲ. ಅಲ್ಲಿ ಪೂರ್ತಿ ಪಂದ್ಯದ ಪ್ರಸಾರವನ್ನೇ ನೋಡಿ. ಸ್ನ್ಯಾಪ್‌ಗೆ ಮೊದಲು ಅವನು ಎಲ್ಲಿ ನಿಂತಿದ್ದ, ಚೆಂಡು ಬರದಿದ್ದಾಗ ರಿಪ್ಲೇಯಲ್ಲಿ ಏನು ಕಂಡಿತು ಅಂತ ಹೆಕ್ಕಬೇಕು.

ಮೂರು ನಾಲ್ಕು ಪಂದ್ಯ ಆರಿಸಿಕೊಳ್ಳಿ. ಅವುಗಳಲ್ಲಿ ಎರಡಾದರೂ ಒಳ್ಳೆಯ ಕಾರ್ನರ್‌ಬ್ಯಾಕ್ (ರಿಸೀವರ್‌ನನ್ನು ಕಾಯುವ ಡಿಫೆಂಡರ್) ಎದುರಿಗಿದ್ದ ಪಂದ್ಯಗಳಾಗಿರಲಿ. ಬಡ ಎದುರಾಳಿಯ ಮೇಲೆ ಹೊಡೆದ 200 ಯಾರ್ಡ್‌ಗಿಂತ, ಡ್ರಾಫ್ಟ್ ಆಗಲಿರುವ ಕಾರ್ನರ್ ಎದುರು ಮಾಡಿದ 60 ಯಾರ್ಡ್ ಜಾಸ್ತಿ ವಿಷಯ ಹೇಳುತ್ತದೆ. ಮತ್ತೆ ಮೊದಲ ಸಲ ನೋಡುವಾಗ ಚೆಂಡನ್ನು ನೋಡಲೇಬೇಡಿ. ಕಣ್ಣು ರಿಸೀವರ್ ಕಾಲಿನ ಮೇಲಿರಲಿ. ಶುರುವಿನಲ್ಲಿ ಕಷ್ಟ ಆಗುತ್ತದೆ, ಒಂದು ಅರ್ಧ ಗಂಟೆಯಲ್ಲಿ ರೂಢಿಯಾಗುತ್ತದೆ.

ಅವನು ಎಲ್ಲಿ ನಿಲ್ಲುತ್ತಾನೆ?

ರಿಸೀವರ್ ಅಂದರೆ ಒಂದೇ ಕೆಲಸ ಅಲ್ಲ. ‘ಎಕ್ಸ್’ ಅನ್ನುವವನು ಅಂಚಿನಲ್ಲಿ, ಆಟ ಶುರುವಾಗುವ ಸ್ಕ್ರಿಮೇಜ್ ಗೆರೆಯ ಮೇಲೇ ನಿಲ್ಲುತ್ತಾನೆ. ಗೆರೆಯ ಮೇಲಿರುವುದರಿಂದ ಕಾರ್ನರ್‌ಬ್ಯಾಕ್ ಅವನ ಮುಖಕ್ಕೆ ಮುಖ ಕೊಟ್ಟು ನಿಂತು ಒತ್ತಬಹುದು. ‘ಝಡ್’ ಗೆರೆಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಸ್ನ್ಯಾಪ್‌ಗೆ ಮೊದಲು ಆಚೀಚೆ ಓಡಾಡಲೂ ಅವನಿಗೆ ಅವಕಾಶ ಇದೆ. ‘ಸ್ಲಾಟ್’ ಒಳಗಡೆ ನಿಲ್ಲುತ್ತಾನೆ. ಅವನಿಗೆ ಎಡಕ್ಕೂ ಬಲಕ್ಕೂ ಜಾಗ ಇರುತ್ತದೆ, ನೇರವಾಗಿ ಒತ್ತುವವರು ಕಡಿಮೆ. ಹಾಗಾಗಿ ಸ್ಲಾಟ್‌ನಲ್ಲಿ ಬಂದ ಯಾರ್ಡ್‌ಗಳನ್ನು ಎಕ್ಸ್‌ನ ಯಾರ್ಡ್‌ಗಳ ಪಕ್ಕದಲ್ಲಿಟ್ಟು ಹೋಲಿಸಬಾರದು.

ಇಲ್ಲೊಂದು ಎಚ್ಚರ. ಕೋಚ್ ನಿಲ್ಲಿಸಿದ ಜಾಗ ಬೇರೆ, ಆಟಗಾರನ ಯೋಗ್ಯತೆ ಬೇರೆ. ಜಸ್ಟಿನ್ ಜೆಫರ್ಸನ್ 2019ರಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಕಾಲೇಜು ತಂಡಕ್ಕೆ 111 ಕ್ಯಾಚ್, 1,540 ಯಾರ್ಡ್ ಮಾಡಿದರು, ಬಹುಪಾಲು ಸ್ಲಾಟ್‌ನಿಂದಲೇ. ಹೊರಗಡೆ ನಿಂತರೆ ಇವರ ಆಟ ನಡೆಯುತ್ತದಾ ಅಂತ ಹಲವರಿಗೆ ಅನುಮಾನವಿತ್ತು. 2020ರ ಡ್ರಾಫ್ಟ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ 21ನೇ ಆಯ್ಕೆಯಲ್ಲಿ ಜೇಲನ್ ರೇಗರ್ ಅವರನ್ನು ಕರೆದರು. ಮರು ಆಯ್ಕೆಯಲ್ಲೇ ಮಿನೆಸೋಟ ವೈಕಿಂಗ್ಸ್ ಜೆಫರ್ಸನ್ ಅವರನ್ನು ಎತ್ತಿಕೊಂಡರು. ಮೊದಲ ಸೀಸನ್‌ನಲ್ಲೇ 1,400 ಯಾರ್ಡ್, 2022ರಲ್ಲಿ 1,809. ಅವರ 2018ರ ಪಂದ್ಯಗಳನ್ನು ತೆಗೆದು ನೋಡಿದ್ದರೆ ಹೊರಗಡೆ ನಿಂತು ಆಡಿದ್ದೂ ಕಾಣುತ್ತಿತ್ತು. ಅದಕ್ಕೇ ಕೊನೆಯ ಸೀಸನ್ ಒಂದನ್ನೇ ನೋಡಿ ಎದ್ದುಬಿಡಬೇಡಿ.

ರಿಲೀಸ್: ಮೊದಲ ಮೂರು ಹೆಜ್ಜೆ

ಸ್ನ್ಯಾಪ್ ಆದ ಮೇಲೆ ಎದುರಿಗಿರುವ ಕಾರ್ನರ್‌ನಿಂದ ತಪ್ಪಿಸಿಕೊಂಡು ಹೊರಡುವುದಕ್ಕೆ ರಿಲೀಸ್ ಅನ್ನುತ್ತಾರೆ. ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಮೂಲೆಯ ಡಿಫೆಂಡರ್ ಎದುರು ನಿಂತಾಗ ಏನು ಮಾಡುತ್ತಾನೆ ನೆನಪಿಸಿಕೊಳ್ಳಿ. ಕಾಲು ಒಂದು ಕಡೆ, ಭಾರ ಇನ್ನೊಂದು ಕಡೆ. ಎದುರಾಳಿಯ ಸೊಂಟ ತಪ್ಪು ದಿಕ್ಕಿಗೆ ತಿರುಗಿತೋ, ಆಟ ಮುಗಿಯಿತು. ರಿಲೀಸ್‌ನಲ್ಲೂ ನೀವು ನೋಡಬೇಕಾದ್ದು ಕಾರ್ನರ್‌ನ ಸೊಂಟವನ್ನು. ಅದು ತಿರುಗಿದ ಕ್ಷಣದಲ್ಲಿ ರಿಸೀವರ್ ಎತ್ತ ಹೊರಟ?

ಈ ವಿದ್ಯೆಯಲ್ಲಿ ದಾವಾಂಟೆ ಆ್ಯಡಮ್ಸ್ ಅವರನ್ನು ಮೀರಿಸಿದವರನ್ನು ಈ ಕಾಲದಲ್ಲಿ ನಾನು ಕಂಡಿಲ್ಲ. 2014ರಲ್ಲಿ 53ನೆಯವರಾಗಿ ಆಯ್ಕೆಯಾದರು, ಓಟದ ಸಮಯ 4.56. ಆದರೆ ಗೆರೆಯ ಮೇಲೆ ಅವರ ಕಾಲುಗಳು ಒಂದು ಸಲ ಮಾಡಿದ್ದನ್ನು ಮುಂದಿನ ಸಲ ಮಾಡುವುದಿಲ್ಲ. ಕಾರ್ನರ್ ಕೈ ಹಾಕುವಷ್ಟರಲ್ಲಿ ಆ ಜಾಗ ಖಾಲಿಯಾಗಿರುತ್ತದೆ. 2020ರಲ್ಲಿ 18 ಟಚ್‌ಡೌನ್ ಹಿಡಿದರು. ಎಂಡ್ ಝೋನ್ ಹತ್ತಿರ ಓಡಲು ಜಾಗವೇ ಇರುವುದಿಲ್ಲ, ಅಲ್ವಾ? ಅಲ್ಲಿ ವೇಗಕ್ಕೆ ಕೆಲಸ ಕಡಿಮೆ, ರಿಲೀಸ್‌ಗೆ ಜಾಸ್ತಿ.

ನೋಡುವಾಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹುಡುಗನ ಹತ್ತಿರ ಒಂದೇ ಪಟ್ಟು ಇದೆಯಾ, ಮೂರು ನಾಲ್ಕು ಇವೆಯಾ? ಕೈ ಬಳಸಿ ಕಾರ್ನರ್‌ನ ಕೈಯನ್ನು ತಳ್ಳಿಹಾಕುತ್ತಾನಾ? ಒಂದೇ ಜಾಗದಲ್ಲಿ ಕುಣಿಯುತ್ತಾ ಸಮಯ ಕಳೆಯುತ್ತಾನಾ? ಕಾಲಿನ ಚಮತ್ಕಾರ ನೋಡಲು ಚೆಂದ, ಆದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹತ್ತಿರ ಇರುವುದು ಎರಡೂವರೆ ಸೆಕೆಂಡ್ ಮಾತ್ರ. ಹಾಗೇ, ನೇರ ಓಡುವ ರೂಟ್‌ನಲ್ಲಿ ಕಾರ್ನರ್ ಅವನನ್ನು ಸೈಡ್‌ಲೈನ್‌ಗೆ ಅಂಟಿಸಿಬಿಡುತ್ತಾನಾ ಅನ್ನುವುದನ್ನೂ ಗಮನಿಸಿ. ಸೈಡ್‌ಲೈನ್‌ಗೆ ಒತ್ತಿದರೆ ಚೆಂಡು ಬೀಳಿಸಲು ಜಾಗವೇ ಉಳಿಯುವುದಿಲ್ಲ.

ನಿಯಮದ ವ್ಯತ್ಯಾಸ ಗೊತ್ತಿರಲಿ. ಎನ್‌ಎಫ್‌ಎಲ್‌ನಲ್ಲಿ ಗೆರೆಯಿಂದ 5 ಯಾರ್ಡ್ ಒಳಗೆ ಡಿಫೆಂಡರ್ ರಿಸೀವರ್‌ನನ್ನು ತಡೆದು ಒತ್ತಬಹುದು, ಅದರಾಚೆ ಮುಟ್ಟಿದರೆ ಪೆನಾಲ್ಟಿ. ಕಾಲೇಜಿನಲ್ಲಿ ಆ 5 ಯಾರ್ಡ್ ಮಿತಿ ಇಲ್ಲ. ಆದರೂ ಅಲ್ಲಿ ಬಹಳಷ್ಟು ಕಾರ್ನರ್‌ಗಳು ಏಳೆಂಟು ಯಾರ್ಡ್ ಹಿಂದೆ ನಿಲ್ಲುತ್ತಾರೆ. ಇಡೀ ಸೀಸನ್ ಆಡಿದರೂ ಕೆಲವು ಹುಡುಗರು ಗಟ್ಟಿಯಾದ ಪ್ರೆಸ್ (ಗೆರೆಯ ಮೇಲೇ ಎದುರು ನಿಂತು ಒತ್ತುವುದು) ಎದುರಿಸಿರುವುದೇ ಅಪರೂಪ. ಅವನು ಎದುರಿಸಿದ ಕೆಲವೇ ಆಟಗಳನ್ನು ಹುಡುಕಿ, ಎರಡೆರಡು ಸಲ ನೋಡಿ.

ರೂಟ್: ಎಲ್ಲಕ್ಕಿಂತ ಮುಖ್ಯವಾದದ್ದು

ನನ್ನ ಲೆಕ್ಕದಲ್ಲಿ ರಿಸೀವರ್‌ನ ನಿಜವಾದ ಆಸ್ತಿ ಇದು. ಡಿಫೆಂಡರ್‌ನಿಂದ ದೂರ ಆಗುವ ಕಲೆ.

ರೂಟ್‌ಗಳನ್ನು ಸಾಮಾನ್ಯವಾಗಿ 1ರಿಂದ 9ರವರೆಗೆ ಸಂಖ್ಯೆ ಕೊಟ್ಟು ಕಲಿಸುತ್ತಾರೆ. 2 ಅಂದರೆ ಸ್ಲ್ಯಾಂಟ್, ಕೆಲವೇ ಹೆಜ್ಜೆ ಹಾಕಿ ಓರೆಯಾಗಿ ಒಳಗೆ. 4 ಕರ್ಲ್, ಓಡಿ ನಿಂತು ತಿರುಗುವುದು. 5 ಔಟ್, ಹೊರಕ್ಕೆ ತಿರುಗುವುದು; 6 ಡಿಗ್, ಒಳಕ್ಕೆ ತಿರುಗುವುದು; 7 ಕಾರ್ನರ್, ದೂರ ಓಡಿ ಓರೆಯಾಗಿ ಹೊರಕ್ಕೆ; 8 ಪೋಸ್ಟ್, ದೂರ ಓಡಿ ಓರೆಯಾಗಿ ಒಳಕ್ಕೆ; 9 ಗೋ ಅಂದರೆ ನೇರ ಓಟ. ಮೊದಲು ಒಂದು ಹಾಳೆ ತೆಗೆದುಕೊಂಡು ಅವನು ಓಡಿದ ರೂಟ್‌ಗಳನ್ನು ಗುರುತು ಹಾಕಿ. ಎಲ್ಲ ಗುರುತೂ ಸ್ಕ್ರೀನ್ (ಗೆರೆಯ ಹತ್ತಿರವೇ ಹಿಡಿಯುವ ಚಿಕ್ಕ ಪಾಸ್), ಸ್ಲ್ಯಾಂಟ್, ಗೋ ಮೇಲೇ ಬಿದ್ದರೆ ಉಳಿದದ್ದನ್ನು ಅವನು ವೃತ್ತಿಪರ ಮಟ್ಟದಲ್ಲಿ ಕಲಿಯಬೇಕು ಅಂತ ಅರ್ಥ. 2016ರಲ್ಲಿ ರಿಸೀವರ್‌ಗಳಲ್ಲೇ ಮೊದಲನೆಯವರಾಗಿ, 15ನೇ ಆಯ್ಕೆಯಲ್ಲಿ ಹೋದ ಕೋಲ್ಮನ್ ಬೇಲರ್ ವಿಶ್ವವಿದ್ಯಾಲಯದವರು. ಆ ತಂಡದ ಆಟದಲ್ಲಿ ರಿಸೀವರ್‌ಗಳು ಓಡುತ್ತಿದ್ದ ರೂಟ್‌ಗಳ ಬಗೆ ಬಹಳ ಕಡಿಮೆ. ಎರಡೇ ಸೀಸನ್ ಆದ ಮೇಲೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅವರನ್ನು ಬಿಟ್ಟುಕೊಟ್ಟಿತು. ಗಾಯಗಳೂ ಕಾಡಿದ್ದವು ಅನ್ನುವುದನ್ನು ಸೇರಿಸಿಯೇ ಹೇಳಬೇಕು.

ಎಷ್ಟು ರೂಟ್ ಅನ್ನುವುದಕ್ಕಿಂತ ಹೇಗೆ ಓಡುತ್ತಾನೆ ಅನ್ನುವುದು ದೊಡ್ಡದು. ತಿರುವಿಗೆ ಮೊದಲ ಹತ್ತು ಹನ್ನೆರಡು ಯಾರ್ಡ್ ಎಲ್ಲ ರೂಟ್‌ಗಳಲ್ಲೂ ಒಂದೇ ಥರ ಕಾಣಬೇಕು. ಅದೇ ವೇಗ, ಅದೇ ಬಾಗು. ಗೋ ಓಡುವಾಗ ಪೂರ್ತಿ ವೇಗ, ಕರ್ಲ್ ಓಡುವಾಗ ಮುಕ್ಕಾಲು ವೇಗ ಅಂತಾದರೆ ಒಳ್ಳೆಯ ಕಾರ್ನರ್‌ಗೆ ಮೂರನೇ ಹೆಜ್ಜೆಯಲ್ಲೇ ಗೊತ್ತಾಗಿಬಿಡುತ್ತದೆ. ತಿರುಗುವ ಮೊದಲು ಎದೆ ಮೇಲೇಳುತ್ತದಾ ನೋಡಿ. ಎದೆ ಎದ್ದರೆ ‘ನಾನೀಗ ನಿಲ್ಲುತ್ತೇನೆ’ ಅಂತ ಕೂಗಿ ಹೇಳಿದ ಹಾಗೆಯೇ. ಆಮೇಲೆ ತಿರುವಿನಲ್ಲಿ ಎಷ್ಟು ಹೆಜ್ಜೆ ಹಾಳಾಗುತ್ತವೆ ಎಣಿಸಿ. ಓಟದಿಂದ ನಿಲುವಿಗೆ ಎರಡು ಮೂರು ಹೆಜ್ಜೆಯಲ್ಲಿ ಬರುವವನು ಬೇರೆ, ಐದಾರು ಚಿಕ್ಕ ಹೆಜ್ಜೆ ಇಟ್ಟು ನಿಲ್ಲುವವನು ಬೇರೆ. ಆ ಹೆಚ್ಚಿನ ಮೂರು ಹೆಜ್ಜೆಯಲ್ಲಿ ಡಿಫೆಂಡರ್ ಬಂದು ಸೇರಿಕೊಳ್ಳುತ್ತಾನೆ.

ಕರ್ಲ್, ಕಮ್‌ಬ್ಯಾಕ್ ರೂಟ್‌ಗಳಲ್ಲಿ ತಿರುಗಿದ ಮೇಲೆ ಚೆಂಡಿನ ಕಡೆಗೆ ಎದುರು ಬರುತ್ತಾನಾ, ನಿಂತಲ್ಲೇ ಕಾಯುತ್ತಾನಾ? ಕಾಯುವವರಿಂದ ಇಂಟರ್‌ಸೆಪ್ಷನ್ ಆಗುತ್ತವೆ, ಅಂದರೆ ಚೆಂಡು ಎದುರಾಳಿಯ ಕೈ ಸೇರುತ್ತದೆ. ಬೈಗುಳ ತಿನ್ನುವವನು ಮಾತ್ರ ಕ್ವಾರ್ಟರ್‌ಬ್ಯಾಕ್.

ಆಟಗಾರನ ಬದಲು ಜಾಗವನ್ನು ಕಾಯುವ ಝೋನ್ ರಕ್ಷಣೆ ಎದುರು ಬೇಕಾಗುವುದು ಬೇರೆ ಬುದ್ಧಿ. ಅಲ್ಲಿ ಯಾರನ್ನೂ ಸೋಲಿಸಿ ಓಡಬೇಕಿಲ್ಲ. ಇಬ್ಬರು ಡಿಫೆಂಡರ್‌ಗಳ ನಡುವಿನ ಖಾಲಿ ಜಾಗ ಗುರುತಿಸಿ ಅಲ್ಲಿ ನಿಧಾನ ಆಗಬೇಕು, ಮತ್ತು ಅದು ಕ್ವಾರ್ಟರ್‌ಬ್ಯಾಕ್ ಕಣ್ಣಿಗೂ ಅದೇ ಕ್ಷಣಕ್ಕೆ ಬೀಳಬೇಕು. ಕೂಪರ್ ಕಪ್ ಇದರಲ್ಲಿ ಮಾದರಿ. ಈಸ್ಟರ್ನ್ ವಾಷಿಂಗ್ಟನ್ ಅನ್ನುವ ಸಣ್ಣ ಕಾಲೇಜು, 2017ರಲ್ಲಿ ಮೂರನೇ ಸುತ್ತು, 69ನೇ ಆಯ್ಕೆ. 2021ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್. ಮೂರರಲ್ಲೂ ಲೀಗಿಗೇ ಮೊದಲಿಗರು. ಆ ಸೀಸನ್‌ನ ಸೂಪರ್ ಬೌಲ್‌ನಲ್ಲೂ ಅವರೇ ಶ್ರೇಷ್ಠ ಆಟಗಾರ. ಆ ವರ್ಷದ ಯಾವ ಪಂದ್ಯವನ್ನಾದರೂ ಆಲ್-22ನಲ್ಲಿ ನೋಡಿ. ಸ್ನ್ಯಾಪ್ ಆದ ಮೇಲೆ ರಕ್ಷಣೆಯನ್ನು ಓದಿ ರೂಟನ್ನು ಅಲ್ಲಿಯೇ ತಿದ್ದುವುದು ಹೇಗೆ ಅಂತ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಎನ್‌ಎಫ್‌ಎಲ್ ಆಟಗಾರರ ಶೋಲ್ಡರ್ ಪ್ಯಾಡ್‌ನಲ್ಲಿ ಚಿಪ್ ಇರುತ್ತದೆ. ಅದರಿಂದ ಬರುವ ‘ಸೆಪರೇಷನ್’ ಅಂಕಿ, ಚೆಂಡು ಬಂದಾಗ ಹತ್ತಿರದ ಡಿಫೆಂಡರ್ ಎಷ್ಟು ದೂರ ಇದ್ದ ಅಂತ ಹೇಳುತ್ತದೆ. ಉಪಯೋಗದ್ದೇ. ಆದರೆ ಸ್ಕ್ರೀನ್, ಚಿಕ್ಕ ರೂಟ್ ಓಡುವವರಿಗೆ ಈ ಅಂಕಿ ತಾನಾಗಿಯೇ ದೊಡ್ಡದಾಗುತ್ತದೆ, ದೂರದ ರೂಟ್ ಓಡುವವರಿಗೆ ಚಿಕ್ಕದಾಗುತ್ತದೆ. ಒಂದೇ ಥರದ ಕೆಲಸ ಮಾಡುವವರನ್ನು ಮಾತ್ರ ಇದರಲ್ಲಿ ಹೋಲಿಸಿ.

ಕೈ

ಈಗ ಚೆಂಡನ್ನು ನೋಡಬಹುದು. ಎದೆಗೆ ಅವುಚಿಕೊಳ್ಳುತ್ತಾನಾ, ಮೈಯಿಂದ ದೂರ ಕೈ ಚಾಚಿ ಬೆರಳಲ್ಲಿ ಹಿಡಿಯುತ್ತಾನಾ? ಎರಡನೆಯದು ಬೇಕು. ಭುಜದ ಮೇಲಿಂದ ಬರುವ ಚೆಂಡನ್ನು ವೇಗ ಕಡಿಮೆ ಮಾಡದೆ ಹಿಂಬಾಲಿಸುತ್ತಾನಾ? ಪಳಗಿದವರು ಇನ್ನೊಂದು ಕೆಲಸ ಮಾಡುತ್ತಾರೆ: ಕೊನೆಯ ಕ್ಷಣದವರೆಗೂ ಕೈ ಎತ್ತುವುದಿಲ್ಲ. ಬೆನ್ನು ತಿರುಗಿಸಿ ಓಡುತ್ತಿರುವ ಕಾರ್ನರ್ ರಿಸೀವರ್‌ನ ಕೈ ನೋಡಿಯೇ ಚೆಂಡು ಬಂತು ಅಂತ ತಿಳಿದುಕೊಳ್ಳುತ್ತಾನೆ. ಆ ಸುಳಿವನ್ನೇ ಕೊಡದಿರುವುದು ದೊಡ್ಡ ಗುಣ. ಅಂಚಿನ ಕ್ಯಾಚ್‌ಗಳಲ್ಲಿ ಕಾಲು ನೋಡಿ. ಕಾಲೇಜಿನಲ್ಲಿ ಒಂದು ಕಾಲು ಗೆರೆಯೊಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಕಾಲೇಜಿನಲ್ಲೇ ಎರಡು ಕಾಲೂರುವ ಅಭ್ಯಾಸ ಇರುವ ಹುಡುಗ ಮುಂದಿನದನ್ನು ಯೋಚಿಸಿದ್ದಾನೆ ಅಂತ ಲೆಕ್ಕ.

ಡ್ರಾಪ್ (ಕೈಗೆ ಬಂದ ಚೆಂಡು ಬಿಡುವುದು) ನೋಡಿ ಬೇಗ ಹೆದರಬೇಡಿ. ಜಾಮಾರ್ ಚೇಸ್ 2021ರಲ್ಲಿ 5ನೆಯವರಾಗಿ ಸಿನ್ಸಿನಾಟಿಗೆ ಬಂದರು. ಪ್ರೀಸೀಸನ್ ಪಂದ್ಯಗಳಲ್ಲಿ ಒಂದರ ಹಿಂದೆ ಒಂದು ಚೆಂಡು ಕೈಬಿಟ್ಟರು. ಎಲ್ಲೆಡೆ ಟೀಕೆ. ಹಿಂದಿನ ಇಡೀ ಸೀಸನ್ ಅವರು ಆಡಿರಲಿಲ್ಲ. ಕಾಲೇಜಿನ ಚೆಂಡಿನ ಮೇಲಿರುವ ಬಿಳಿ ಪಟ್ಟೆ ಎನ್‌ಎಫ್‌ಎಲ್ ಚೆಂಡಿನ ಮೇಲೆ ಇರುವುದಿಲ್ಲ ಅಂತಲೂ ಅವರು ಹೇಳಿದ್ದರು. ಸೀಸನ್ ಶುರುವಾದ ಮೇಲೆ 1,455 ಯಾರ್ಡ್, 13 ಟಚ್‌ಡೌನ್. ಚೆಂಡು ಕೈಗೆ ಸಿಗುವ ಮೊದಲೇ ಓಡಲು ತಲೆ ತಿರುಗಿಸಿ ಬಿಟ್ಟ ಡ್ರಾಪ್ ತಿದ್ದಿಕೊಳ್ಳಬಹುದಾದದ್ದು. ಕೈ ತಪ್ಪಾಗಿ ಒಡ್ಡಿ, ಮತ್ತೆ ಮತ್ತೆ ಬಿಡುವ ಡ್ರಾಪ್ ಕಷ್ಟದ್ದು. ಯಾವುದು ಅಂತ ಬೇರೆ ಬೇರೆ ಬರೆದಿಡಿ.

ಡಿಫೆಂಡರ್ ಮೈಮೇಲೆ ಬಿದ್ದಿದ್ದರೂ ಕಿತ್ತುಕೊಳ್ಳುವ ಕ್ಯಾಚ್‌ಗಳು ಎಲ್ಲರಿಗೂ ಇಷ್ಟ. ನನಗೂ ಇಷ್ಟ. ಆದರೆ ಕಾಲೇಜಿನಲ್ಲಿ ಒಬ್ಬನ ಹೆಚ್ಚಿನ ಕ್ಯಾಚ್‌ಗಳು ಇಂಥವೇ ಆಗಿದ್ದರೆ ಒಂದು ಪ್ರಶ್ನೆ ಕೇಳಲೇಬೇಕು: ಡಿಫೆಂಡರ್ ಯಾವಾಗಲೂ ಮೈಮೇಲೇ ಇರುತ್ತಾನೆ ಯಾಕೆ? ಮುಂದಿನ ಮಟ್ಟದಲ್ಲಿ ಆ ಡಿಫೆಂಡರ್ ಇನ್ನೂ ಎತ್ತರ, ಇನ್ನೂ ಬಲಶಾಲಿ.

ಗಡಿಯಾರದ ಅಂಕಿಗಳು

ಫೆಬ್ರವರಿ–ಮಾರ್ಚ್‌ನಲ್ಲಿ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮೊದಲು ಕಾಲೇಜು ಆಟಗಾರರಿಗೆ ನಡೆಯುವ ಪರೀಕ್ಷೆ) ಎಲ್ಲರೂ ಕಾಯುವುದು 40 ಯಾರ್ಡ್ ಓಟಕ್ಕೆ, ಅಂದರೆ ಸುಮಾರು 36.6 ಮೀಟರ್. 2017ರಲ್ಲಿ ಜಾನ್ ರಾಸ್ 4.22 ಸೆಕೆಂಡ್‌ನಲ್ಲಿ ಓಡಿ ದಾಖಲೆ ಮಾಡಿದರು, 9ನೇ ಆಯ್ಕೆಯಾದರು. ಗಾಯಗಳ ನಡುವೆ ಸಾಗಿದ ಮೊದಲ ಸೀಸನ್‌ನಲ್ಲಿ ಒಂದು ಪಾಸನ್ನೂ ಹಿಡಿಯಲಿಲ್ಲ. ಆ ದಾಖಲೆಯನ್ನು 2024ರಲ್ಲಿ 4.21ರ ಓಟದಿಂದ ಮುರಿದವರು ಝೇವಿಯರ್ ವರ್ದಿ.

ಅಂಕಿ ಸುಳ್ಳು ಅಂತ ಹೇಳುತ್ತಿಲ್ಲ. ಆಟಗಾರ ಯಾವ ಬಗೆಯವನು ಅಂತ ತಿಳಿಯಲು ಅದು ಬೇಕು. ಎಷ್ಟು ಒಳ್ಳೆಯವನು ಅಂತ ತಿಳಿಯಲು ಸಾಲದು. ಡಿಕೆ ಮೆಟ್ಕಾಫ್ 40 ಯಾರ್ಡ್ ಓಡಿದ್ದು 4.33ರಲ್ಲಿ. ಆದರೆ ಮೂರು ಕೋನ್ ಸುತ್ತಿ ತಿರುಗುವ ಪರೀಕ್ಷೆಯಲ್ಲಿ 7.38 ಸೆಕೆಂಡ್ ಹಿಡಿಯಿತು, ರಿಸೀವರ್‌ಗೆ ತೀರಾ ನಿಧಾನ. ಕೂಪರ್ ಕಪ್ ಓಡಿದ್ದು 4.62ರಲ್ಲಿ, ಕೋನ್ ಸುತ್ತಿದ್ದು 6.75ರಲ್ಲಿ. ಇಬ್ಬರೂ ಗೆದ್ದರು, ಬೇರೆ ಬೇರೆ ದಾರಿಯಲ್ಲಿ. ಮೆಟ್ಕಾಫ್ ನೇರ ಓಟದಿಂದ, ದೇಹಬಲದಿಂದ. 2020ರ ಅಕ್ಟೋಬರ್‌ನಲ್ಲಿ ಅರಿಝೋನಾದ ಬುಡಾ ಬೇಕರ್ ಇಂಟರ್‌ಸೆಪ್ಷನ್ ಮಾಡಿ ಓಡುತ್ತಿದ್ದಾಗ ಹಿಂದಿನಿಂದ ಬೆನ್ನಟ್ಟಿ ಗೋಲ್ ಲೈನ್ ಹತ್ತಿರ ಹಿಡಿದು ಕೆಡವಿದ ಮೆಟ್ಕಾಫ್ ಓಟವನ್ನು ನೋಡದವರು ಹುಡುಕಿ ನೋಡಿ. ಅಂಥ ಮೈಕಟ್ಟಿನವನಿಂದ ದಿನವಿಡೀ ಚೂಪು ತಿರುವಿನ ರೂಟ್ ಓಡಿಸಿದರೆ ತಪ್ಪು ಕೋಚ್‌ನದ್ದು.

ಪೂಕಾ ನಕುವಾ ಅವರ ಕಥೆ ಅಂಕಿಯ ಇನ್ನೊಂದು ಮಿತಿ ತೋರಿಸುತ್ತದೆ. 2022ರಲ್ಲಿ ಬಿವೈಯು (ಬ್ರಿಗಮ್ ಯಂಗ್) ಕಾಲೇಜು ತಂಡಕ್ಕೆ ಅವರು ಹಿಡಿದದ್ದು 48 ಕ್ಯಾಚ್, 625 ಯಾರ್ಡ್. ನೋಡಿದರೆ ಸಾಧಾರಣ. ಆದರೆ ಗಾಯದಿಂದ ಅವರು ಆಡಿದ್ದೇ 9 ಪಂದ್ಯ. 2023ರಲ್ಲಿ ಐದನೇ ಸುತ್ತಿನವರೆಗೆ, 177ನೇ ಆಯ್ಕೆಯವರೆಗೆ ಕಾಯಬೇಕಾಯಿತು. ಅದೇ ವರ್ಷ 1,486 ಯಾರ್ಡ್ ಗಳಿಸಿ ಹೊಸಬರ ದಾಖಲೆ ಮುರಿದರು. ಹಾಗಾಗಿ ಒಟ್ಟು ಯಾರ್ಡ್ ನೋಡಬೇಡಿ. ಓಡಿದ ರೂಟ್ ಒಂದಕ್ಕೆ ಎಷ್ಟು ಯಾರ್ಡ್ ಬಂತು ಅಂತ ನೋಡಿ. ಎನ್‌ಎಫ್‌ಎಲ್‌ನಲ್ಲಿ ಅದು 2 ದಾಟಿದರೆ ಒಳ್ಳೆಯ ಗುರುತು. ತಂಡದ ಒಟ್ಟು ಪಾಸ್‌ಗಳಲ್ಲಿ ಇವನ ಪಾಲೆಷ್ಟು, ಎಸೆಯುತ್ತಿದ್ದ ಕ್ವಾರ್ಟರ್‌ಬ್ಯಾಕ್ ಯಾರು, ಪಕ್ಕದಲ್ಲಿ ಇನ್ಯಾರಿದ್ದರು ಅಂತಲೂ ಕೇಳಿ. 2019ರ ಎಲ್‌ಎಸ್‌ಯುನಲ್ಲಿ ಚೇಸ್, ಜೆಫರ್ಸನ್ ಇಬ್ಬರಿಗೂ ಎಸೆದವರು ಜೋ ಬರೋ. ಪಾಲು ಹಂಚಿಹೋದದ್ದು ಅಲ್ಲಿ ಕೊರತೆಯಲ್ಲ.

ಚೆಂಡಿಲ್ಲದಾಗ

ಕ್ಯಾಚ್ ಆದ ಮೇಲೆ ಮೊದಲ ಟ್ಯಾಕಲ್ ತಪ್ಪಿಸುತ್ತಾನಾ ಅನ್ನುವುದು ಕಣ್ಣಿಗೆ ತಾನಾಗಿ ಬೀಳುತ್ತದೆ. ಹೇಳಬೇಕಾದ್ದು ಬ್ಲಾಕಿಂಗ್ ಬಗ್ಗೆ, ಅಂದರೆ ಎದುರಾಳಿಯನ್ನು ತಡೆದು ತನ್ನವನಿಗೆ ದಾರಿ ಮಾಡಿಕೊಡುವ ಬಗ್ಗೆ. ತನ್ನ ತಂಡದ ರನ್ನಿಂಗ್‌ಬ್ಯಾಕ್ ಚೆಂಡು ಹಿಡಿದು ಓಡುವಾಗ ಈ ಹುಡುಗ ಸುಮ್ನೆ ನಿಂತಿದ್ದಾನಾ? ಪಿಟ್ಸ್‌ಬರ್ಗ್‌ನ ಹೈನ್ಸ್ ವಾರ್ಡ್ 1,000 ಕ್ಯಾಚ್ ಹಿಡಿದವರು, ಆದರೂ ಎದುರಾಳಿಗಳು ಹೆದರುತ್ತಿದ್ದದ್ದು ಅವರ ಬ್ಲಾಕ್‌ಗೆ. ಅವರ ಒಂದು ಹೊಡೆತದ ನಂತರ 2009ರಲ್ಲಿ ಲೀಗ್ ನಿಯಮವನ್ನೇ ಬಿಗಿ ಮಾಡಿತು. ಬ್ಲಾಕ್ ಮಾಡದ ರಿಸೀವರ್‌ನನ್ನು ರನ್ ಆಟಗಳಲ್ಲಿ ಹೊರಗೆ ಕೂರಿಸುತ್ತಾರೆ. ಆಗ ಅವನು ಮೈದಾನಕ್ಕೆ ಬಂದನೆಂದರೆ ಪಾಸ್ ಬರುತ್ತದೆ ಅಂತ ಎದುರಾಳಿಗೆ ಗೊತ್ತಾಗುತ್ತದೆ.

ಟಿಪ್ಪಣಿ ಬರೆಯುವಾಗ

ಪ್ರತಿ ಆಟಗಾರನಿಗೆ ಒಂದು ಪುಟ ಸಾಕು. ನಾನು ತೂಕ ಕೊಡುವ ಕ್ರಮ ಇದು: ದೂರ ಆಗುವ ಕಲೆ, ರಿಲೀಸ್, ಕೈ, ಝೋನ್ ಓದುವ ಬುದ್ಧಿ, ಆಮೇಲೆ ವೇಗ, ಕೊನೆಗೆ ಎತ್ತರ. ಎಕ್ಸ್ ಬೇಕಾದ ತಂಡ ರಿಲೀಸನ್ನು ಮೊದಲಿಗೆ ತಂದುಕೊಳ್ಳಬೇಕು. ಅಂಕ ಕೊಡುವ ಬದಲು ಒಂದೊಂದು ಗುಣಕ್ಕೂ ಒಂದು ಆಟವನ್ನು ಸಾಕ್ಷಿಯಾಗಿ ಬರೆಯಿರಿ: ಯಾವ ಪಂದ್ಯ, ಯಾವ ಕ್ವಾರ್ಟರ್, ಎಷ್ಟನೇ ಡೌನ್, ಎದುರಿಗೆ ಯಾರಿದ್ದರು. ಸಾಕ್ಷಿ ಸಿಗದ ಗುಣದ ಮುಂದೆ ಖಾಲಿ ಬಿಡಿ. ಹೆಸರು ಕೇಳಿದ್ದರಿಂದ, ಟಿವಿಯವರು ಹೊಗಳಿದ್ದರಿಂದ ಆ ಖಾಲಿ ಜಾಗ ತುಂಬಬೇಡಿ. ಕಂಬೈನ್‌ಗೆ ಮೊದಲೇ ಈ ಪುಟ ಮುಗಿದಿರಲಿ. ಓಟದ ಸಮಯ ಬಂದ ಮೇಲೆ ಅದು ನಿಮ್ಮ ಟಿಪ್ಪಣಿಗೆ ವಿರುದ್ಧವಾಗಿದ್ದರೆ, ತೀರ್ಪು ಬದಲಿಸುವ ಮೊದಲು ಇನ್ನೊಂದು ಪಂದ್ಯ ನೋಡಿ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಜೊತೆಗೇ ಫ್ಲ್ಯಾಗ್ ಫುಟ್‌ಬಾಲ್ ಕೂಡ ಸೇರಿದೆ. ಅದನ್ನು ನೋಡುವಾಗ ಈ ಕ್ರಮವನ್ನು ಸ್ವಲ್ಪ ಬದಲಿಸಿಕೊಳ್ಳಿ. ಒಂದು ಕಡೆಗೆ ಐದೇ ಜನ, ಮೈ ತಾಗಿಸುವಂತಿಲ್ಲ, ಟ್ಯಾಕಲ್ ಬದಲು ಸೊಂಟದ ಪಟ್ಟಿ ಕೀಳುವುದು. ಕ್ವಾರ್ಟರ್‌ಬ್ಯಾಕ್ ಬಿಟ್ಟು ಉಳಿದ ನಾಲ್ವರೂ, ಸ್ನ್ಯಾಪ್ ಮಾಡಿದವರೂ ಸೇರಿ, ಪಾಸ್ ಹಿಡಿಯಬಹುದು. ಪ್ರೆಸ್ ಇಲ್ಲದ ಕಾರಣ ಕೈಬಲದ ರಿಲೀಸ್‌ಗೆ ಬೆಲೆ ಇಳಿಯುತ್ತದೆ, ಬ್ಲಾಕಿಂಗ್ ಲೆಕ್ಕಕ್ಕೇ ಬರುವುದಿಲ್ಲ. ತಿರುವಿನಲ್ಲಿ ಹೆಜ್ಜೆ ಎಣಿಸುವ ಅಭ್ಯಾಸ ಮಾತ್ರ ಅಲ್ಲಿ ದುಪ್ಪಟ್ಟು ಕೆಲಸಕ್ಕೆ ಬರುತ್ತದೆ.